ಮೊಡವೆಗೆ ಮೂರು ತಿಂಗಳು

ಇವತ್ತು ಬೆಳಿಗ್ಗೆ ಕೆನ್ನೆಯ ಮೇಲೆ ಕೆಂಪಗೆ ಕಾಣಿಸಿಕೊಂಡ ಮೊಡವೆ ನಿನ್ನೆ ರಾತ್ರಿ ಹುಟ್ಟಿದ್ದಲ್ಲ. ನಿನ್ನೆ ತಿಂದ ಬಜ್ಜಿಯಿಂದ ಬಂದದ್ದಲ್ಲ, ಮೊನ್ನೆ ಮುಖ ತೊಳೆಯದೆ ಮಲಗಿದ್ದಕ್ಕೆ ಬಂದದ್ದೂ ಅಲ್ಲ. ಬರಿಗಣ್ಣಿಗೆ ಕಾಣದಷ್ಟು ಸಣ್ಣದಾಗಿ ಅದು ಚರ್ಮದೊಳಗೆ ವಾರಗಟ್ಟಲೆ ಹಿಂದೆ, ಎಷ್ಟೋ ಸಲ ಎರಡು ತಿಂಗಳ ಹಿಂದೆಯೇ ಶುರುವಾಗಿರುತ್ತದೆ. ನಮಗೆ ಕಾಣುವುದು ಅದರ ಕೊನೆಯ ಹಂತ ಮಾತ್ರ. ಈ ಒಂದು ಸಂಗತಿ ಮನಸ್ಸಿನಲ್ಲಿ ನಿಂತರೆ ಚಿಕಿತ್ಸೆಯ ಮುಕ್ಕಾಲು ಪಾಲು ಅರ್ಥವಾದಂತೆ. ಮೊಡವೆಗೆ ಒಳ್ಳೆಯ ಔಷಧಗಳು ಇಲ್ಲವೆಂದಲ್ಲ. ಕೆಲವು ಅರ್ಧ ಶತಮಾನದಿಂದಲೂ ಇವೆ, ಪೇಟೆಂಟ್ ಮುಗಿದು ನಮ್ಮ ದೇಶದಲ್ಲೇ ಹತ್ತಾರು ಕಂಪನಿಗಳು ಅವನ್ನು ತಯಾರಿಸುತ್ತಿವೆ. ಆದರೂ ಕಲೆ, ಗುಳಿ ಹೊತ್ತ ಮುಖಗಳು ನಮ್ಮ ಕಾಲೇಜುಗಳಲ್ಲಿ, ಹಾಸ್ಟೆಲುಗಳಲ್ಲಿ, ಆಫೀಸುಗಳಲ್ಲಿ ಇಷ್ಟೊಂದು ಏಕಿವೆ? ನನ್ನ ಉತ್ತರ ಇದು: ರೋಗ ನಡೆಯುವುದು ತಿಂಗಳುಗಳ ಲೆಕ್ಕದಲ್ಲಿ, ನಾವು ಗುಣ ಕಾಣಬಯಸುವುದು ದಿನಗಳ ಲೆಕ್ಕದಲ್ಲಿ. ಈ ಎರಡು ಲೆಕ್ಕಗಳ ನಡುವಿನ ಅಂತರದಲ್ಲೇ ಹಾನಿಯೆಲ್ಲ ನಡೆಯುತ್ತದೆ.

ಮೊದಲು ಚರ್ಮದೊಳಗೆ ಏನಾಗುತ್ತದೆ ನೋಡೋಣ. ಮುಖ, ಎದೆ, ಬೆನ್ನು, ಭುಜಗಳಲ್ಲಿ ಕೂದಲಿನ ಬುಡಕ್ಕೆ ಅಂಟಿಕೊಂಡ ತೈಲಗ್ರಂಥಿಗಳು ದೊಡ್ಡವು, ದಟ್ಟವಾಗಿಯೂ ಇರುತ್ತವೆ. ಹರೆಯ ಬಂದಾಗ ಆಂಡ್ರೊಜೆನ್ ಹಾರ್ಮೋನುಗಳು ಏರುತ್ತವೆ. ಇವು ಹುಡುಗರಿಗೆ ಮಾತ್ರ ಸೇರಿದವಲ್ಲ, ಹುಡುಗಿಯರ ದೇಹದಲ್ಲೂ ಇರುತ್ತವೆ. ಅವುಗಳ ಪ್ರಚೋದನೆಗೆ ಗ್ರಂಥಿಗಳು ಹಿಗ್ಗಿ ಸೀಬಮ್ ಎಂಬ ಜಿಡ್ಡನ್ನು ಹೆಚ್ಚು ಸುರಿಸುತ್ತವೆ. ಅದೇ ಹೊತ್ತಿಗೆ ರಂಧ್ರದ ಒಳಗೋಡೆಯ ಕೋಶಗಳು ಸತ್ತು ಉದುರಿಹೋಗುವ ಬದಲು ಒಂದಕ್ಕೊಂದು ಅಂಟಿಕೊಂಡು ಅದರ ದಾರಿಯನ್ನು ಕಟ್ಟುತ್ತವೆ. ಕಣ್ಣಿಗೆ ಕಾಣದ ಆ ಸಣ್ಣ ಬಿರಡೆಯೇ ಮೊಡವೆಯ ಮೂಲ. ಅದು ಬೆಳೆದು ಬಾಯಿ ಮುಚ್ಚಿಕೊಂಡೇ ಇದ್ದರೆ ವೈಟ್‌ಹೆಡ್, ಬಾಯಿ ತೆರೆದಿದ್ದರೆ ಬ್ಲ್ಯಾಕ್‌ಹೆಡ್. ಬ್ಲ್ಯಾಕ್‌ಹೆಡ್ಡಿನ ಕಪ್ಪು ಕೊಳೆಯಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಮತ್ತು ಗಾಳಿ ತಾಗಿ ಬದಲಾದ ಜಿಡ್ಡು. ಅದಕ್ಕೇ ಎಷ್ಟು ತಿಕ್ಕಿ ತೊಳೆದರೂ ಅದು ಹೋಗುವುದಿಲ್ಲ, ತಿಕ್ಕಿದಷ್ಟೂ ಚರ್ಮ ಕೆರಳುತ್ತದೆ. ಮುಚ್ಚಿದ ರಂಧ್ರದೊಳಗೆ ಗಾಳಿ ಕಡಿಮೆ, ಜಿಡ್ಡು ಸಮೃದ್ಧ. ಎಲ್ಲರ ಚರ್ಮದಲ್ಲೂ ಸಾಧುವಾಗಿ ಬದುಕಿರುವ ಕ್ಯುಟಿಬ್ಯಾಕ್ಟೀರಿಯಮ್ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಅಲ್ಲಿ ಹುಲುಸಾಗಿ ಬೆಳೆಯುತ್ತದೆ. ದೇಹದ ರಕ್ಷಣಾ ವ್ಯವಸ್ಥೆ ಅದರ ಮೇಲೆ ಎರಗುತ್ತದೆ. ಕೆಂಪು, ಊತ, ನೋವು, ಕೀವು ಎಲ್ಲ ಆ ಜಗಳದ ಫಲ. ರಂಧ್ರದ ಗೋಡೆ ಆಳದಲ್ಲಿ ಒಡೆದರೆ ಗಟ್ಟಿ ಗಂಟಾಗುತ್ತದೆ, ಗಂಟು ಮಾಗಿದ ಜಾಗದಲ್ಲಿ ಗುಳಿ ಉಳಿಯುತ್ತದೆ. ಜಿಡ್ಡು, ಅಡಚಣೆ, ಬ್ಯಾಕ್ಟೀರಿಯಾ, ಉರಿಯೂತ ಈ ನಾಲ್ಕೂ ಸೇರಿ ಮಾಡುವ ಕೆಲಸವಿದು. ಯಾವುದೋ ಒಂದನ್ನು ಎರಡು ದಿನ ಹತ್ತಿಕ್ಕಿದರೆ ಉಳಿದವು ಸುಮ್ಮನಿರುವುದಿಲ್ಲ.

ಹಾಗಾದರೆ ಮೂಲಕ್ಕೆ, ಎಂದರೆ ಆ ಬಿರಡೆಗೆ, ಕೈಹಾಕುವ ಔಷಧ ಯಾವುದು? ಎ ಜೀವಸತ್ವದ ಕುಟುಂಬಕ್ಕೆ ಸೇರಿದ ರೆಟಿನಾಯ್ಡ್‌ಗಳು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆಲ್ಬರ್ಟ್ ಕ್ಲಿಗ್‌ಮನ್, ಜೇಮ್ಸ್ ಫುಲ್ಟನ್ ಮತ್ತು ಗರ್ಡ್ ಪ್ಲೆವಿಗ್ 1969ರಲ್ಲಿ ಟ್ರೆಟಿನಾಯಿನ್ ಮುಲಾಮು ಮೊಡವೆಗೆ ಕೆಲಸ ಮಾಡುತ್ತದೆಂದು ತೋರಿಸಿದರು. ಚರ್ಮವಿಜ್ಞಾನದ ಈ ದೊಡ್ಡ ಹೆಜ್ಜೆಯ ಬಗ್ಗೆ ಬರೆಯುವಾಗ ಇನ್ನೊಂದು ಮಾತನ್ನು ಬಿಡಲಾಗದು. ಕ್ಲಿಗ್‌ಮನ್ ತಮ್ಮ ಎಷ್ಟೋ ಪ್ರಯೋಗಗಳನ್ನು ನಡೆಸಿದ್ದು ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಮೇಲೆ. ಅವರಲ್ಲಿ ಬಹುಪಾಲು ಜನ ಕಪ್ಪು ವರ್ಣೀಯರು, ತಮ್ಮ ಮೈಮೇಲೆ ಏನು ಹಚ್ಚಲಾಗುತ್ತಿದೆ ಎಂಬುದು ಸರಿಯಾಗಿ ತಿಳಿಯದೇ ಇದ್ದವರು. ಫಿಲಡೆಲ್ಫಿಯಾ ನಗರಾಡಳಿತ ಅದಕ್ಕಾಗಿ ಕ್ಷಮೆ ಕೇಳಿದ್ದು 2022ರಲ್ಲಿ. ಇವತ್ತು ನಾವು ಪಡೆಯುವ ಉಪಕಾರದ ಹಿಂದೆ ಆ ಜನರ ನೋವೂ ಇದೆ ಎಂಬುದು ನೆನಪಿರಬೇಕು. ಟ್ರೆಟಿನಾಯಿನ್ ಬಳಿಕ, ಚರ್ಮವನ್ನು ಅಷ್ಟು ಕೆರಳಿಸದ ಅಡಾಪಲಿನ್ 1996ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. ಈ ಔಷಧಗಳು ಕೋಶಗಳು ಅಂಟಿಕೊಳ್ಳದಂತೆ ಮಾಡಿ ಹೊಸ ಬಿರಡೆ ಕಟ್ಟುವುದನ್ನು ತಡೆಯುತ್ತವೆ. ಇವುಗಳ ಜೊತೆಗಾರ ಬೆನ್ಜಾಯ್ಲ್ ಪೆರಾಕ್ಸೈಡ್. ಅದು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಆದರೆ ಆ್ಯಂಟಿಬಯಾಟಿಕ್ ಅಲ್ಲವಾದ್ದರಿಂದ ಬ್ಯಾಕ್ಟೀರಿಯಾ ಅದಕ್ಕೆ ಪ್ರತಿರೋಧ ಬೆಳೆಸಿಕೊಳ್ಳುವುದಿಲ್ಲ. ಶೇ 2.5ರ ಜೆಲ್ ಶೇ 5 ಮತ್ತು 10ರಷ್ಟೇ ಕೆಲಸ ಮಾಡುತ್ತದೆ, ಉರಿ ಕಡಿಮೆ. ಹೆಚ್ಚು ಗಾಢವಾದದ್ದು ಬೇಗ ಗುಣ ಮಾಡುತ್ತದೆಂದು ನಂಬಿ ದೊಡ್ಡ ಅಂಕಿಯ ಟ್ಯೂಬ್ ಕೊಳ್ಳುವವರು ಇದನ್ನು ತಿಳಿದಿರಬೇಕು. ದಿಂಬಿನ ಕವರ್, ಟವೆಲ್‌ಗಳ ಬಣ್ಣ ಬಿಡಿಸುವ ಗುಣವೂ ಅದಕ್ಕಿದೆ.

ಲೆಕ್ಕ ತಪ್ಪುವುದು ಇಲ್ಲೇ. ಅಡಾಪಲಿನ್ ಹಚ್ಚಲು ಶುರು ಮಾಡಿದ ಮೊದಲ ಎರಡು ಮೂರು ವಾರ ಮುಖ ಒಣಗುತ್ತದೆ, ಸಿಪ್ಪೆ ಏಳುತ್ತದೆ, ಕೆಂಪಾಗುತ್ತದೆ. ಕೆಲವರಲ್ಲಿ ಮೊಡವೆ ಮೊದಲಿಗಿಂತ ಹೆಚ್ಚಿದಂತೆ ಕಾಣುತ್ತದೆ. ಒಳಗೆ ಆಗಲೇ ಕಟ್ಟಿಕೊಂಡಿದ್ದ ಬಿರಡೆಗಳು ತಮ್ಮ ಹಾದಿಯಲ್ಲಿ ಹೊರಬರುತ್ತಲೇ ಇರುತ್ತವೆ. ಔಷಧ ತಡೆಯುವುದು ಇನ್ನು ಮುಂದೆ ಹುಟ್ಟುವವನ್ನು. ಆದ್ದರಿಂದ ನಿಜವಾದ ಫಲ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ಇದನ್ನು ಮೊದಲ ದಿನವೇ ಹೇಳಿಸಿಕೊಳ್ಳದ ಹುಡುಗಿ ಮೂರನೆಯ ವಾರದಲ್ಲಿ ಟ್ಯೂಬನ್ನು ಕಪಾಟಿನೊಳಗೆ ಎಸೆದು ಈ ಡಾಕ್ಟರ ಔಷಧ ನನಗೆ ಆಗಿಬರಲಿಲ್ಲ ಎನ್ನುತ್ತಾಳೆ. ತಪ್ಪು ಅವಳದಲ್ಲ. ತುಂಬಿದ ಒ.ಪಿ.ಡಿ.ಯಲ್ಲಿ ಎರಡು ನಿಮಿಷದಲ್ಲಿ ಚೀಟಿ ಬರೆದು ಕಳಿಸಿದಾಗ ಹೇಳಬೇಕಾದ ಮಾತು ಉಳಿದುಹೋಗುತ್ತದೆ. ರಾತ್ರಿ ಮುಖ ತೊಳೆದು ಒಣಗಿದ ಮೇಲೆ ಬಟಾಣಿ ಕಾಳಿನಷ್ಟು ಜೆಲ್ಲನ್ನು ಮುಖಕ್ಕೆಲ್ಲ ತೆಳುವಾಗಿ ಹಚ್ಚಬೇಕು, ಎದ್ದ ಮೊಡವೆಯ ಮೇಲಷ್ಟೇ ಚುಕ್ಕೆ ಇಟ್ಟರೆ ಪ್ರಯೋಜನವಿಲ್ಲ. ಮೊದಲ ವಾರಗಳಲ್ಲಿ ದಿನ ಬಿಟ್ಟು ದಿನ ಹಚ್ಚಿ, ಮಾಯಿಶ್ಚರೈಸರ್ ಬಳಸಿ, ಹಗಲು ಸನ್‌ಸ್ಕ್ರೀನ್ ಹಚ್ಚಬೇಕು. ಬಸಿರಿನಲ್ಲಿ ಅಥವಾ ಬಸಿರಾಗುವ ಯೋಚನೆಯಿದ್ದರೆ ರೆಟಿನಾಯ್ಡ್ ಬೇಡ. ಇಷ್ಟನ್ನು ಹೇಳುವುದೂ ಔಷಧದ ಭಾಗವೇ.

ಹೀಗೆ ನಿಧಾನವಾಗಿ ಕೆಲಸ ಮಾಡುವ ಔಷಧದ ಎದುರು ಬೇಗ ಫಲ ಕೊಡುವ ಒಂದು ವಸ್ತು ನಮ್ಮ ಎಲ್ಲ ಊರಿನ ಮೆಡಿಕಲ್ ಅಂಗಡಿಯಲ್ಲೂ ಸಿಗುತ್ತದೆ. ಅದು ಸ್ಟೀರಾಯ್ಡ್ ಮುಲಾಮು. ಮದುವೆಗೆ ಹತ್ತು ದಿನ ಉಳಿದಿದೆ, ಕ್ಯಾಂಪಸ್ ಸಂದರ್ಶನ ಮುಂದಿನ ವಾರ. ಅಂಗಡಿಯವರೋ, ಪಾರ್ಲರಿನವರೋ, ಹಾಸ್ಟೆಲಿನ ಗೆಳತಿಯೋ ಒಂದು ಟ್ಯೂಬಿನ ಹೆಸರು ಹೇಳುತ್ತಾರೆ. ಹಚ್ಚಿದ ಎರಡನೆಯ ದಿನಕ್ಕೇ ಕೆಂಪು ಇಳಿಯುತ್ತದೆ, ಊತ ಹೋಗುತ್ತದೆ, ಮುಖ ತಿಳಿಯಾಗುತ್ತದೆ. ಸ್ಟೀರಾಯ್ಡ್ ಉರಿಯೂತವನ್ನು ಅದುಮುತ್ತದೆ, ರಕ್ತನಾಳಗಳನ್ನು ಕುಗ್ಗಿಸುತ್ತದೆ, ಚರ್ಮದ ಬಣ್ಣವನ್ನು ತಿಳಿಗೊಳಿಸುತ್ತದೆ. ಮೊಡವೆಯ ಮೂಲವಾದ ಬಿರಡೆಗೆ ಮಾತ್ರ ಏನನ್ನೂ ಮಾಡುವುದಿಲ್ಲ. ವಾರಗಳು ಕಳೆದಂತೆ ಸ್ಟೀರಾಯ್ಡೇ ಹೊಸ ಮೊಡವೆಗಳನ್ನು ಎಬ್ಬಿಸುತ್ತದೆ. ಚರ್ಮ ತೆಳುವಾಗಿ ಕೆನ್ನೆಯ ಮೇಲೆ ಕೆಂಪು ರಕ್ತನಾಳಗಳು ಎಳೆಯೆಳೆಯಾಗಿ ಕಾಣತೊಡಗುತ್ತವೆ, ಮುಖದ ಕೂದಲು ಹೆಚ್ಚುತ್ತದೆ, ಬಿಸಿಲು ತಾಗಿದರೆ ಉರಿ. ಹೆದರಿ ಬಿಟ್ಟರೆ ಮುಖವೆಲ್ಲ ಭುಗಿಲೆಂದು ಕೆಂಪಾಗುತ್ತದೆ, ಮತ್ತೆ ಹಚ್ಚಿದರೆ ಶಾಂತವಾಗುತ್ತದೆ. ಆಗ ಹಚ್ಚುವವರಿಗೆ ಅನಿಸುವುದು ಈ ಮುಲಾಮಿನಿಂದಲೇ ಮುಖ ಉಳಿದಿದೆ ಎಂದು. ಬಿಟ್ಟರೆ ಕೆಡುತ್ತದೆ, ಹಚ್ಚಿದರೆ ಸರಿಹೋಗುತ್ತದೆ ಎಂಬ ಅನುಭವವೇ ಆ ಮುಲಾಮು ಒಳ್ಳೆಯದೆಂಬುದಕ್ಕೆ ಸಾಕ್ಷಿಯಾಗಿಬಿಡುತ್ತದೆ. ಒಬ್ಬ ವ್ಯಕ್ತಿ ತನ್ನ ಕಣ್ಣಾರೆ ಕಂಡದ್ದನ್ನೇ ನಂಬಿ ಇಷ್ಟು ಆಳವಾಗಿ ಸಿಕ್ಕಿಬೀಳುವ ಇನ್ನೊಂದು ಔಷಧ ಚರ್ಮದ ಲೋಕದಲ್ಲಿ ನನಗೆ ಕಾಣದು.

ಇದು ಊಹೆಯ ಮಾತಲ್ಲ. ದೇಶದ 12 ಚರ್ಮರೋಗ ಕೇಂದ್ರಗಳು ಸೇರಿ ನಡೆಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಮುಖದ ಚರ್ಮದ ತೊಂದರೆಯೆಂದು ಬಂದ 2,926 ಜನರಲ್ಲಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಅದನ್ನು ಹಚ್ಚುತ್ತಿದ್ದದ್ದು ಮೊಡವೆ ಹೋಗಲೆಂದು. ಆ 433 ಜನರಲ್ಲಿ ವೈದ್ಯರು ಕಂಡ ಅತಿ ಸಾಮಾನ್ಯ ದುಷ್ಪರಿಣಾಮವೂ ಮೊಡವೆಯೇ, ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ. ಅರ್ಧಕ್ಕಿಂತ ಹೆಚ್ಚು ಜನರಿಗೆ ಮುಲಾಮನ್ನು ಸೂಚಿಸಿದ್ದವರು ವೈದ್ಯರೇ ಆಗಿರಲಿಲ್ಲ. ಭಾರತೀಯ ಚರ್ಮರೋಗ ತಜ್ಞರ ಸಂಘ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ ಕೇಂದ್ರ ಸರ್ಕಾರ 2018ರ ಮಾರ್ಚ್‌ನಲ್ಲಿ ಮುಲಾಮಿನ ರೂಪದ ಹಲವು ಸ್ಟೀರಾಯ್ಡ್‌ಗಳನ್ನು ಷೆಡ್ಯೂಲ್ ಎಚ್ ಅಡಿ ತಂದಿತು. ಅದಕ್ಕೂ ಮೊದಲು ಮೇಲೆ ಹಚ್ಚುವ ಔಷಧ ಎಂಬ ಕಾರಣಕ್ಕೆ ಅವು ಆ ನಿಯಮದಿಂದ ತಪ್ಪಿಸಿಕೊಂಡಿದ್ದವು. ಈಗ ವೈದ್ಯರ ಚೀಟಿ ಇಲ್ಲದೆ ಅವನ್ನು ಮಾರುವುದು ಕಾನೂನುಬಾಹಿರ. ಆದರೆ ಚೀಟಿ ಕೇಳುವ ರೂಢಿ ನಮ್ಮ ಅಂಗಡಿಗಳಲ್ಲಿ ಎಷ್ಟರಮಟ್ಟಿಗಿದೆ ಎಂಬುದನ್ನು ಓದುಗರು ತಮ್ಮ ಬಡಾವಣೆಯಲ್ಲೇ ನೋಡಬಹುದು. ಬಣ್ಣ ತಿಳಿಗೊಳಿಸುವ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಮೊಮೆಟಸೋನ್ ಎಂಬ ಸ್ಟೀರಾಯ್ಡ್ ಮೂರನ್ನೂ ಬೆರೆಸಿದ ಕ್ರೀಮಿನ ಕತೆ ಇನ್ನೂ ಗಂಭೀರ. ಇಂಥ ಮಿಶ್ರಣದ ಮೂಲ ಸೂತ್ರವನ್ನು 1975ರಲ್ಲಿ ಪ್ರಕಟಿಸಿದವರಲ್ಲಿ ಅದೇ ಕ್ಲಿಗ್‌ಮನ್ ಒಬ್ಬರು. ಕಪ್ಪು ಕಲೆಗಳಿಗೆ, ವೈದ್ಯರ ಕಣ್ಗಾವಲಿನಲ್ಲಿ, ಕೆಲವೇ ವಾರ ಬಳಸಬೇಕಾದದ್ದು ನಮ್ಮಲ್ಲಿ ಬೆಳ್ಳಗಾಗುವ ಕ್ರೀಮಾಗಿ ವರ್ಷಗಟ್ಟಲೆ ಮುಖಕ್ಕೆ ಬೀಳುತ್ತಿದೆ. ಬೆಳ್ಳಗಿರಬೇಕೆಂಬ ನಮ್ಮ ಸಮಾಜದ ಒತ್ತಡಕ್ಕೆ ಹದಿನಾರು ವರ್ಷದ ಹುಡುಗಿಯರ ಚರ್ಮ ಬೆಲೆ ತೆರುತ್ತಿರುವುದು ಸಂಕಟದ ಸಂಗತಿ.

ಅವಸರದ ಇನ್ನೊಂದು ಮುಖ ಆ್ಯಂಟಿಬಯಾಟಿಕ್. ಡಾಕ್ಸಿಸೈಕ್ಲಿನ್ ಮಾತ್ರೆ ಕೀವು ತುಂಬಿದ, ಊದಿದ ಮೊಡವೆಗೆ ಒಳ್ಳೆಯ ಔಷಧವೇ. ಬ್ಯಾಕ್ಟೀರಿಯಾವನ್ನು ಕಡಿಮೆ ಮಾಡುವುದರ ಜೊತೆಗೆ ಉರಿಯೂತವನ್ನೂ ತಗ್ಗಿಸುತ್ತದೆ. ಆದರೆ ಅದನ್ನು ಮೂರು ನಾಲ್ಕು ತಿಂಗಳಿಗಿಂತ ಹೆಚ್ಚು ಕಾಲ ಕೊಡಬಾರದು, ಹಚ್ಚುವ ರೆಟಿನಾಯ್ಡ್ ಮತ್ತು ಬೆನ್ಜಾಯ್ಲ್ ಪೆರಾಕ್ಸೈಡ್ ಜೊತೆಯಿಲ್ಲದೆ ಅದೊಂದನ್ನೇ ಕೊಡಬಾರದು ಎಂಬುದರಲ್ಲಿ ತಜ್ಞರಲ್ಲಿ ಒಮ್ಮತವಿದೆ. ಕ್ಲಿಂಡಾಮೈಸಿನ್ ಜೆಲ್ಲಿಗೂ ಇದೇ ಮಾತು. ಒಂಟಿಯಾಗಿ ಬಳಸಿದ ಆ್ಯಂಟಿಬಯಾಟಿಕ್ ಕೆಲವು ವಾರ ಚೆನ್ನಾಗಿ ಕೆಲಸ ಮಾಡಿ ಆಮೇಲೆ ಸೋಲುತ್ತದೆ, ಸೋಲುವಷ್ಟರಲ್ಲಿ ಅದನ್ನು ತಾಳಿಕೊಳ್ಳುವ ಬ್ಯಾಕ್ಟೀರಿಯಾಗಳನ್ನು ಮೈಮೇಲೆ ಬಿಟ್ಟು ಹೋಗುತ್ತದೆ. ನಮ್ಮಲ್ಲಿ ಮೊಡವೆಗೆ ಅಜಿತ್ರೊಮೈಸಿನ್ ಕೊಡುವುದು ಸಾಮಾನ್ಯ. ಟೈಫಾಯ್ಡ್‌ಗೆ ಬಾಯಿಂದ ಕೊಡಬಹುದಾದ, ಇನ್ನೂ ನಂಬಿಕೆಗೆ ಅರ್ಹವಾದ ಕೆಲವೇ ಔಷಧಗಳಲ್ಲಿ ಅದೊಂದು. ಪಾಕಿಸ್ತಾನದಲ್ಲಿ 2016ರಿಂದ ಹರಡಿದ, ಹೆಚ್ಚಿನ ಔಷಧಗಳಿಗೆ ಬಗ್ಗದ ಟೈಫಾಯ್ಡ್‌ಗೆ ಮಾತ್ರೆಯ ರೂಪದಲ್ಲಿ ಉಳಿದದ್ದು ಅಜಿತ್ರೊಮೈಸಿನ್ ಒಂದೇ. ಟೈಫಾಯ್ಡ್ ಇನ್ನೂ ಮನೆಮನೆಗೆ ಬರುವ ನಮ್ಮ ದೇಶದಲ್ಲಿ ಅಂಥ ಔಷಧವನ್ನು ಮುಖದ ಗುಳ್ಳೆಗಳಿಗೆ ಧಾರಾಳವಾಗಿ ಖರ್ಚು ಮಾಡುವುದು ಸರಿಯೇ ಎಂದು ಬರೆದುಕೊಡುವವರು ಪ್ರತಿ ಸಲವೂ ಕೇಳಿಕೊಳ್ಳಬೇಕು.

ಇಷ್ಟೆಲ್ಲ ಏಕೆ, ವಯಸ್ಸಿಗೆ ಬಂದಾಗ ಮೊಡವೆ ಬರುವುದೇ, ವಯಸ್ಸು ಕಳೆದಂತೆ ಹೋಗುವುದೇ ಎನ್ನುವ ಹಿರಿಯರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ಹನ್ನೆರಡರಿಂದ ಇಪ್ಪತ್ನಾಲ್ಕರ ವಯಸ್ಸಿನವರಲ್ಲಿ ಸುಮಾರು ಶೇ 85 ಮಂದಿಗೆ ಒಂದಲ್ಲ ಒಂದು ಪ್ರಮಾಣದಲ್ಲಿ ಮೊಡವೆ ಬರುತ್ತದೆ, ಹೆಚ್ಚಿನವರಲ್ಲಿ ಅದು ಸೌಮ್ಯ, ತಾನಾಗಿ ಶಮನವಾಗುತ್ತದೆ. ಆದರೆ ಮೊಡವೆ ಹೋಗುವುದು ಬೇರೆ, ಅದು ಮಾಡಿದ ಹಾನಿ ಹೋಗುವುದು ಬೇರೆ. ನಮ್ಮ ಕಂದು ಚರ್ಮದಲ್ಲಿ ಮೆಲನಿನ್ ತಯಾರಿಸುವ ಕೋಶಗಳು ಬಹಳ ಚುರುಕು. ಉರಿಯೂತವಾದಲ್ಲೆಲ್ಲ ಕಪ್ಪು ಕಲೆ ಉಳಿಸುತ್ತವೆ, ಅದು ಮಾಸಲು ತಿಂಗಳುಗಳು, ಕೆಲವೊಮ್ಮೆ ವರ್ಷ ಬೇಕು. ಗುಳಿಗಳಂತೂ ತಾವಾಗಿ ತುಂಬುವುದಿಲ್ಲ. ಚುಚ್ಚಿದಂತೆ ಕಿರಿದಾಗಿ ಆಳಕ್ಕಿಳಿದವು, ಅಂಚು ಕಡಿದಂತೆ ಅಗಲವಾದವು, ಅಲೆಯಲೆಯಾಗಿ ತಗ್ಗಾದವು ಎಂದು ಅವುಗಳಲ್ಲಿ ಬಗೆಗಳಿವೆ, ಒಂದೊಂದಕ್ಕೆ ಒಂದೊಂದು ಚಿಕಿತ್ಸೆ: ಗುಳಿಯೊಳಗಷ್ಟೇ ಆಮ್ಲ ಮುಟ್ಟಿಸುವುದು, ಚರ್ಮದಡಿಯ ಎಳೆಗಳನ್ನು ಸೂಜಿಯಿಂದ ಬಿಡಿಸುವುದು, ಮೈಕ್ರೊನೀಡ್ಲಿಂಗ್, ಲೇಸರ್. ಎಲ್ಲವೂ ಹಲವು ಬಾರಿ ಮಾಡಿಸಬೇಕಾದವು, ದುಬಾರಿ, ಫಲವೂ ಪೂರ್ಣವಲ್ಲ. ಕಂದು ಚರ್ಮದ ಮೇಲೆ ಲೇಸರ್ ತಪ್ಪಿದರೆ ಇನ್ನಷ್ಟು ಕಲೆ. ಹಚ್ಚುವ ಜೆಲ್ಲಿನಿಂದ ಹೋಗಬಹುದಾಗಿದ್ದ ತೊಂದರೆಗೆ ಮುಂದೆ ಇಷ್ಟು ತೆರಬೇಕಾಗುತ್ತದೆ. ಹಾನಿ ಚರ್ಮಕ್ಕೆ ಮಾತ್ರವೂ ಅಲ್ಲ. ಬ್ರಿಟನ್ನಿನ ವೈದ್ಯಕೀಯ ದಾಖಲೆಗಳನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮೊಡವೆಯೆಂದು ವೈದ್ಯರು ಗುರುತಿಸಿದ ಮೊದಲ ವರ್ಷದಲ್ಲಿ ಖಿನ್ನತೆಯ ಅಪಾಯ ಉಳಿದವರಿಗಿಂತ ಶೇ 63ರಷ್ಟು ಹೆಚ್ಚು. ಮಗ ಮಾತು ಕಡಿಮೆ ಮಾಡಿದರೆ, ಮಗಳು ಮದುವೆ ಮನೆಗೆ ಬರಲು ಒಪ್ಪದಿದ್ದರೆ, ವಯಸ್ಸಿನ ಹಟವೆಂದು ತಳ್ಳಿಹಾಕುವ ಮುಂಚೆ ತಂದೆತಾಯಿ ಈ ಅಂಕಿಯನ್ನು ನೆನೆಯಬೇಕು.

ಇನ್ನು ಊಟದ ಮಾತು. ಎಣ್ಣೆ ತಿಂಡಿ, ಚಾಕೊಲೇಟ್, ಕಡಲೆಕಾಯಿ, ಮಾವಿನಹಣ್ಣು ಎಂದು ಮನೆಮನೆಯಲ್ಲಿ ಪಟ್ಟಿಯಿದೆ. ಬಹುಕಾಲ ವೈದ್ಯರು ಇದನ್ನೆಲ್ಲ ಮೂಢನಂಬಿಕೆ ಎಂದು ಬದಿಗೆ ಸರಿಸಿದರು. ಅದಕ್ಕೆ ಆಧಾರ 1969ರ ಒಂದು ಪ್ರಯೋಗ. ಕ್ಲಿಗ್‌ಮನ್ ಗುಂಪು 65 ಜನರಿಗೆ ಕೆಲವು ವಾರ ಚಾಕೊಲೇಟ್ ತಿನ್ನಿಸಿ, ಇನ್ನು ಕೆಲವು ವಾರ ಚಾಕೊಲೇಟ್ ಇಲ್ಲದ ಇನ್ನೊಂದು ಮಿಠಾಯಿ ತಿನ್ನಿಸಿ, ವ್ಯತ್ಯಾಸವಿಲ್ಲ ಎಂದಿತು. ಆದರೆ ಆ ಎರಡನೆಯ ಮಿಠಾಯಿಯಲ್ಲೂ ಸಕ್ಕರೆ, ಕೊಬ್ಬು ಸರಿಸುಮಾರು ಅಷ್ಟೇ ಇದ್ದವು. ಆ ಪ್ರಯೋಗ ಸಕ್ಕರೆಯ ಪ್ರಶ್ನೆಯನ್ನು ಮುಟ್ಟಲೇ ಇಲ್ಲ. ಪ್ರಶ್ನೆ ಮತ್ತೆ ಎದ್ದದ್ದು 2002ರಲ್ಲಿ. ಪಪುವಾ ನ್ಯೂಗಿನಿಯ ಕಿತಾವಾ ದ್ವೀಪದಲ್ಲಿ 1,200 ಜನರನ್ನು, ಪರಾಗ್ವೆಯ ಅಚೆ ಬುಡಕಟ್ಟಿನ 115 ಜನರನ್ನು ಪರೀಕ್ಷಿಸಿದ ಸಂಶೋಧಕರಿಗೆ ಒಂದೇ ಒಂದು ಮೊಡವೆ ಕಾಣಲಿಲ್ಲ. ಗೆಡ್ಡೆ, ಮೀನು, ಹಣ್ಣು, ಬೇಟೆಯ ಮಾಂಸ ತಿಂದು ಬದುಕುವ ಜನ ಅವರು. ವಂಶವಾಹಿಯೂ ಕಾರಣವಿರಬಹುದಲ್ಲ ಎಂಬ ಸಂಶಯ ನ್ಯಾಯವಾದದ್ದು. 2007ರಲ್ಲಿ ಆಸ್ಟ್ರೇಲಿಯಾದ 43 ಯುವಕರ ಮೇಲೆ ನಡೆದ ಪ್ರಯೋಗ ಅದಕ್ಕೆ ಭಾಗಶಃ ಉತ್ತರ ಕೊಟ್ಟಿತು: ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸದ ಆಹಾರ ತಿಂದವರಲ್ಲಿ ಹನ್ನೆರಡು ವಾರಕ್ಕೆ ಸರಾಸರಿ 23ಕ್ಕೂ ಹೆಚ್ಚು ಮೊಡವೆಗಳು ಕಡಿಮೆಯಾದವು, ಎಂದಿನಂತೆ ತಿಂದವರಲ್ಲಿ 12. ಸಕ್ಕರೆ ಏರಿದಾಗ ಇನ್ಸುಲಿನ್ ಏರುತ್ತದೆ, ಅದರ ಬೆನ್ನಿಗೆ ಬೆಳವಣಿಗೆಗೆ ಸಂಬಂಧಿಸಿದ ಹಾರ್ಮೋನುಗಳು ತೈಲಗ್ರಂಥಿಯನ್ನು ಚುರುಕುಗೊಳಿಸುತ್ತವೆ. ಹಾಗಾಗಿ ಕಡಲೆಕಾಯಿಯನ್ನು ದೂರುವುದಕ್ಕಿಂತ ಸಿಹಿ ಪಾನೀಯ, ಬೇಕರಿ ತಿನಿಸು, ಮೈದಾ ಕಡಿಮೆ ಮಾಡುವುದು ಅರ್ಥಪೂರ್ಣ. ಹಾಲಿನ ಪ್ರೋಟೀನಾದ ವೇ ಪುಡಿ ಸೇವಿಸುವ ಜಿಮ್ ಹುಡುಗರಲ್ಲಿ ಮೊಡವೆ ಕೆರಳಿದ ವರದಿಗಳೂ ಇವೆ. ಆದರೆ ಮೇಲಿನ ಪ್ರಯೋಗವನ್ನೇ ಮತ್ತೊಮ್ಮೆ ನೋಡಿ: ಪಥ್ಯದಿಂದ ಮೊಡವೆ ಕಡಿಮೆಯಾಯಿತು, ಇಲ್ಲವಾಗಲಿಲ್ಲ, ಅದಕ್ಕೂ ಹನ್ನೆರಡು ವಾರ ಬೇಕಾಯಿತು. ಪಥ್ಯ ಔಷಧದ ಜೊತೆ ನಡೆಯಲಿ, ಅದರ ಬದಲಿಗಲ್ಲ.

ಮನೆಮದ್ದಿನ ಬಗ್ಗೆಯೂ ಹೀಗೇ ತೂಗಿ ನೋಡಬೇಕು. ಸುಶ್ರುತ ಸಂಹಿತೆ ಇದನ್ನು ಮುಖದೂಷಿಕಾ ಎಂದು ಕರೆದು, ಹರೆಯದವರ ಮುಖದ ಮೇಲೆ ಬೂರುಗದ ಮರದ ಮುಳ್ಳುಗಳಂತೆ ಏಳುವ ಗುಳ್ಳೆಗಳೆಂದು ಗುರುತಿಸಿದೆ. ವಯಸ್ಸು, ಜಾಗ, ರೂಪ ಮೂರನ್ನೂ ಆ ಗ್ರಂಥದ ವೈದ್ಯರು ಸರಿಯಾಗಿ ಕಂಡಿದ್ದರು. ಗಿಡಮೂಲಿಕೆಯಿಂದ ಏನೂ ಆಗದು ಎಂದು ನಾನು ಹೇಳುವುದಿಲ್ಲ. ಆಸ್ಟ್ರೇಲಿಯಾದಲ್ಲಿ 1990ರಲ್ಲಿ 124 ರೋಗಿಗಳ ಮೇಲೆ ಟೀ ಟ್ರೀ ಎಣ್ಣೆಯ ಶೇ 5ರ ಜೆಲ್ಲನ್ನು ಬೆನ್ಜಾಯ್ಲ್ ಪೆರಾಕ್ಸೈಡ್ ಜೊತೆ ಹೋಲಿಸಿದಾಗ ಎರಡರಿಂದಲೂ ಗುಣ ಕಂಡಿತು, ಎಣ್ಣೆಯದು ನಿಧಾನ, ಅಡ್ಡಪರಿಣಾಮ ಕಡಿಮೆ. ಸಸ್ಯಮೂಲವೆಂಬುದು ಅನರ್ಹತೆಯೂ ಅಲ್ಲ, ಅರ್ಹತೆಯೂ ಅಲ್ಲ. ಪರೀಕ್ಷೆಯಲ್ಲಿ ಗೆದ್ದಿದೆಯೇ ಎಂಬುದಷ್ಟೇ ಮುಖ್ಯ. ಅರಿಸಿನ, ಗಂಧದ ಲೇಪ ಹಚ್ಚಿದರೆ ಹೆಚ್ಚಿನವರಿಗೆ ಹಾನಿಯಿಲ್ಲ, ಆದರೆ ರಂಧ್ರದೊಳಗಿನ ಬಿರಡೆಯನ್ನು ಅವು ಬಿಡಿಸುತ್ತವೆ ಎಂಬುದಕ್ಕೆ ಆಧಾರವಿಲ್ಲ. ನಿಂಬೆರಸ, ಅಡುಗೆ ಸೋಡ, ಟೂತ್‌ಪೇಸ್ಟ್ ಬೇರೆ ಮಾತು, ಇವು ಚರ್ಮವನ್ನು ಸುಡುತ್ತವೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಕಪ್ಪು ಕಲೆ ಏಳಬಹುದು. ತಲೆಗೆ ಎಣ್ಣೆ ಹಚ್ಚುವವರಿಗೂ ಒಂದು ಸೂಚನೆಯಿದೆ: ಎಣ್ಣೆ ಹಣೆಗೆ ಇಳಿಯುವಲ್ಲಿ ಮೊಡವೆಗಳ ಸಾಲು ಏಳುವುದು 1970ರಷ್ಟು ಹಿಂದೆಯೇ ದಾಖಲಾಗಿದೆ. ಅಂಥವರು ರಾತ್ರಿಯಿಡೀ ಎಣ್ಣೆ ಬಿಡದೆ, ಸ್ನಾನಕ್ಕೆ ಮೊದಲು ಹಚ್ಚಿ ತೊಳೆದುಕೊಂಡರೆ ಸಾಕು.

ಇಪ್ಪತ್ತೈದು ದಾಟಿದ ಮೇಲೂ ಗದ್ದ, ದವಡೆಯ ಸುತ್ತ ಮುಟ್ಟಿನ ಮುಂಚೆ ಎದ್ದೇಳುವ ಮೊಡವೆ ಹೆಂಗಸರಲ್ಲಿ ಸಾಮಾನ್ಯ. ಮುಟ್ಟು ತಪ್ಪುವುದು, ಮುಖದಲ್ಲಿ ಕೂದಲು, ತೂಕ ಏರುವುದು ಜೊತೆಗಿದ್ದರೆ ಪಿಸಿಓಎಸ್ ಎಂಬ ಹಾರ್ಮೋನು ಏರುಪೇರಿನ ತೊಂದರೆ ಇದೆಯೇ ನೋಡಬೇಕು. ಬರೀ ಜೆಲ್ ಹಚ್ಚಿ ಕುಳಿತರೆ ಒಳಗಿನ ಸಮಸ್ಯೆ ಉಳಿಯುತ್ತದೆ. ಇಂಥಲ್ಲಿ ಹಾರ್ಮೋನು ಮಾತ್ರೆ ಅಥವಾ ಆಂಡ್ರೊಜೆನ್ನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ನೆರವಾಗುತ್ತವೆ. ಬ್ರಿಟನ್ನಿನಲ್ಲಿ 410 ಹೆಂಗಸರ ಮೇಲೆ ನಡೆದ, 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸ್ಪೈರೊನೊಲ್ಯಾಕ್ಟೋನ್ ಪಡೆದವರ ಸ್ಥಿತಿ ಹುಸಿ ಮಾತ್ರೆ ಪಡೆದವರಿಗಿಂತ ಸುಧಾರಿಸಿತ್ತು. ಹನ್ನೆರಡನೆಯ ವಾರಕ್ಕಿಂತ ಇಪ್ಪತ್ನಾಲ್ಕನೆಯ ವಾರದಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟ. ಇಲ್ಲೂ ಮಾತು ತಿಂಗಳುಗಳದ್ದೇ. ಕೆಲವೊಮ್ಮೆ ಬೇರೆ ರೋಗದ ಔಷಧವೇ ಕಾರಣವಾಗಿರಬಹುದು: ಕ್ಷಯದ ಐಸೊನಿಯಾಜಿಡ್, ಮೂರ್ಛೆಯ ಫೆನಿಟಾಯಿನ್, ಲಿಥಿಯಂ ಮಾತ್ರೆಗಳೂ ಮೊಡವೆಯಂಥ ಗುಳ್ಳೆ ಎಬ್ಬಿಸಬಲ್ಲವು; ಅವನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ಹೇಳಬೇಕು.

ಆಳವಾದ ಗಂಟುಗಳು, ಗುಳಿ ಬಿಡುತ್ತಿರುವ, ಬೇರೆ ಔಷಧಕ್ಕೆ ಬಗ್ಗದ ಮೊಡವೆಗೆ ನುಂಗುವ ರೆಟಿನಾಯ್ಡ್ ಆದ ಐಸೊಟ್ರೆಟಿನಾಯಿನ್ ಇದೆ. ಮೊಡವೆಯ ನಾಲ್ಕೂ ಕಾರಣಗಳ ಮೇಲೆ ಕೆಲಸ ಮಾಡುವ ಒಂದೇ ಔಷಧವದು, ತೈಲಗ್ರಂಥಿಯನ್ನೇ ಕುಗ್ಗಿಸುತ್ತದೆ. ಅಮೆರಿಕದಲ್ಲಿ ಗ್ಯಾರಿ ಪೆಕ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಯಾವುದಕ್ಕೂ ಬಗ್ಗದ ಗಂಟು ಮೊಡವೆಯಿದ್ದ 14 ರೋಗಿಗಳಲ್ಲಿ 13 ಮಂದಿ ಪೂರ್ಣ ಗುಣವಾಗಿದ್ದರು. ಔಷಧ ನಿಲ್ಲಿಸಿದ ಮೇಲೂ ಆ ಗುಣ ಉಳಿದಿತ್ತು. 1982ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಅದರ ಬೆನ್ನಿಗೇ ಆ ಔಷಧದ ಭೀಕರ ಮುಖವೂ ತಿಳಿಯಿತು: ಬಸಿರಿನಲ್ಲಿ ಸೇವಿಸಿದರೆ ಮಗುವಿನ ಮಿದುಳು, ಹೃದಯ, ಕಿವಿ, ಮುಖದಲ್ಲಿ ಗಂಭೀರ ದೋಷಗಳು. ಆದ್ದರಿಂದ ಹೆಂಗಸರು ಅದನ್ನು ಶುರು ಮಾಡುವ ಒಂದು ತಿಂಗಳ ಮೊದಲಿಂದ, ಸೇವಿಸುವಷ್ಟು ಕಾಲ, ನಿಲ್ಲಿಸಿದ ಒಂದು ತಿಂಗಳ ತನಕ ಗರ್ಭ ನಿಲ್ಲದಂತೆ ನೋಡಿಕೊಳ್ಳಲೇಬೇಕು. ಸೇವಿಸುವಷ್ಟು ಕಾಲ ಮತ್ತು ನಿಲ್ಲಿಸಿದ ಒಂದು ತಿಂಗಳ ತನಕ ರಕ್ತದಾನವನ್ನೂ ಮಾಡಬಾರದು, ಗಂಡಸರೂ ಸಹ. ಅಮೆರಿಕ 2006ರಿಂದ ಪ್ರತಿಯೊಬ್ಬ ರೋಗಿಯನ್ನೂ ನೋಂದಾಯಿಸುವ ಕಟ್ಟುನಿಟ್ಟಿನ ವ್ಯವಸ್ಥೆ ತಂದಿದೆ. ನಮ್ಮಲ್ಲಿ ಅಂಥದ್ದಿಲ್ಲ. ಹಾಗಾಗಿ ಹೊಣೆಯೆಲ್ಲ ವೈದ್ಯರ ಮಾತಿನ ಮೇಲೆ ನಿಂತಿದೆ. ಮದುವೆಯಾಗದ ಹುಡುಗಿಗೆ ಈ ವಿಷಯ ಹೇಗೆ ಹೇಳುವುದು ಎಂಬ ಸಂಕೋಚದಲ್ಲಿ ಆ ಮಾತು ನುಂಗಿಹೋದರೆ ಅದು ಅಕ್ಷಮ್ಯ.

ಇದನ್ನು ಕೇಳಿದವರು ಇಷ್ಟು ಅಪಾಯದ ಔಷಧ ಬರೀ ಮೊಡವೆಗೆ ಏಕೆ ಎನ್ನುತ್ತಾರೆ. ಬಸಿರಿನ ಅಪಾಯ ನಿಜ, ಅದರಲ್ಲಿ ರಾಜಿಯಿಲ್ಲ, ಆದರೆ ಎಚ್ಚರದಿಂದ ಪೂರ್ಣ ತಪ್ಪಿಸಬಹುದಾದದ್ದು. ಔಷಧ ನಿಲ್ಲಿಸಿ ತಿಂಗಳು ಕಳೆದ ಮೇಲೆ ಮುಂದಿನ ಬಸಿರಿಗೆ ಅದರಿಂದ ತೊಂದರೆಯಿಲ್ಲ. ಮುಂದೆ ಮಕ್ಕಳಾಗುವುದಿಲ್ಲ ಎಂಬ ಭಯಕ್ಕೆ ಆಧಾರವಿಲ್ಲ. ತುಟಿ ಒಡೆಯುವುದು, ಕಣ್ಣು ಮೂಗು ಒಣಗುವುದು ಬಹುತೇಕ ಎಲ್ಲರಿಗೂ ಆಗುತ್ತದೆ, ನಿಲ್ಲಿಸಿದಾಗ ಹೋಗುತ್ತದೆ. ರಕ್ತದ ಕೊಬ್ಬು, ಯಕೃತ್ತಿನ ಪರೀಕ್ಷೆ ಮಾಡಿಸುತ್ತಿರಬೇಕು. ಖಿನ್ನತೆ ತರುತ್ತದೆ ಎಂಬ ಆರೋಪ ಹಳೆಯದು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಮತ್ತು 2023ರಲ್ಲಿ ಪ್ರಕಟವಾದ ವಿಶ್ಲೇಷಣೆಗಳು ಒಟ್ಟಾರೆ ಜನರಲ್ಲಿ ಖಿನ್ನತೆಯ ಹೆಚ್ಚಳವನ್ನು ಕಾಣಲಿಲ್ಲ. ಆದರೂ ಒಬ್ಬೊಬ್ಬರಲ್ಲಿ ಮನಸ್ಸು ಕುಗ್ಗಿದ ಪ್ರಸಂಗಗಳಿವೆ, ಹಿಂದೆ ಖಿನ್ನತೆ ಇದ್ದವರು ವೈದ್ಯರಿಗೆ ತಿಳಿಸಬೇಕು, ಮನೆಯವರು ಗಮನವಿಟ್ಟಿರಬೇಕು. ಭಾರತದಲ್ಲಿ ಎಷ್ಟೋ ತಜ್ಞರು ಕಡಿಮೆ ಪ್ರಮಾಣದಲ್ಲಿ ಹೆಚ್ಚು ತಿಂಗಳು ಕೊಡುತ್ತಾರೆ, ಅದರಿಂದ ಒಣಗುವಿಕೆ ಕಡಿಮೆ. ಕೇಳಿಸಿಕೊಂಡದ್ದನ್ನೆಲ್ಲ ನಂಬಿ ಈ ಔಷಧಕ್ಕೆ ಹೆದರುವ ಕುಟುಂಬವೇ ಹೆಸರಿಲ್ಲದ ಬಿಳಿ ಡಬ್ಬಿಯ ಕ್ರೀಮನ್ನು ಮಗಳ ಮುಖಕ್ಕೆ ನಿಶ್ಚಿಂತೆಯಿಂದ ಹಚ್ಚಗೊಡುವುದನ್ನು ಕಂಡಾಗ, ಅಪಾಯವನ್ನು ನಾವು ಅಳೆಯುವ ರೀತಿಯೇ ತಲೆಕೆಳಗಾಗಿದೆ ಅನಿಸುತ್ತದೆ.

ಕೊನೆಯ ಆಕ್ಷೇಪ ನನಗೆ ಎಲ್ಲಕ್ಕಿಂತ ತೂಕದ್ದು. ಚರ್ಮರೋಗ ತಜ್ಞರು ಇರುವುದು ನಗರದಲ್ಲಿ, ಅವರ ಶುಲ್ಕ, ಬಸ್ ಚಾರ್ಜು, ಒಂದು ದಿನದ ಕೂಲಿ ಎಲ್ಲ ಸೇರಿದರೆ ಹಳ್ಳಿಯ ಮನೆಗೆ ಮೊಡವೆಯ ಚಿಕಿತ್ಸೆ ಐಷಾರಾಮವಾಗುತ್ತದೆ. ಅಂಗಡಿಯ ಟ್ಯೂಬ್ ಪಕ್ಕದಲ್ಲೇ, ಅಗ್ಗದಲ್ಲಿ ಇದೆ. ಇದು ನಿಜ. ಆದರೆ ಸೌಮ್ಯ ಮೊಡವೆಗೆ ತಜ್ಞರೇ ಬೇಕೆಂದಿಲ್ಲ. ತಾಲ್ಲೂಕು ಆಸ್ಪತ್ರೆಯ ಎಂ.ಬಿ.ಬಿ.ಎಸ್. ವೈದ್ಯರು ಅಡಾಪಲಿನ್, ಬೆನ್ಜಾಯ್ಲ್ ಪೆರಾಕ್ಸೈಡ್ ಬರೆದುಕೊಡಬಲ್ಲರು, ಗಂಟು ಗುಳಿ ಕಂಡವರನ್ನು ಹುಬ್ಬಳ್ಳಿಯ ಕಿಮ್ಸ್‌ಗೋ, ಮೈಸೂರಿನ ಕೆ.ಆರ್. ಆಸ್ಪತ್ರೆಗೋ, ಬೆಂಗಳೂರಿನ ಬೌರಿಂಗ್‌ಗೋ ಕಳಿಸಬಲ್ಲರು. ಹರೆಯದವರಿಗಾಗಿ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ರಕ್ತಹೀನತೆ, ಮುಟ್ಟಿನ ನೈರ್ಮಲ್ಯದ ಜೊತೆ ಮೊಡವೆಯನ್ನೂ ಅಲ್ಲಿ ಮಾತಾಡುವಂತಾಗಬೇಕು. ಹರೆಯದವರು ತಾವಾಗಿ ಬಾಯಿಬಿಟ್ಟು ಕೇಳುವ ತೊಂದರೆಯಿದು, ಉಳಿದ ಮಾತುಗಳಿಗೂ ಅದು ಬಾಗಿಲಾದೀತು. ಔಷಧ ನಿಯಂತ್ರಣ ಇಲಾಖೆ 2018ರ ಆದೇಶವನ್ನು ಅಂಗಡಿಗಳಲ್ಲಿ ಪರೀಕ್ಷಿಸಿ ಜಾರಿಗೆ ತರಬೇಕು. ಕಾಗದದ ಮೇಲಿನ ಷೆಡ್ಯೂಲ್ ಎಚ್ ಯಾರ ಮುಖವನ್ನೂ ಉಳಿಸುವುದಿಲ್ಲ.

ಅದಾಗುವ ತನಕ ಮನೆಯಲ್ಲೇ ಮಾಡಬಹುದಾದ ಕೆಲಸವೊಂದಿದೆ. ಮುಖಕ್ಕೆ ಹಚ್ಚುತ್ತಿರುವ ಟ್ಯೂಬನ್ನು ಕೈಗೆತ್ತಿಕೊಂಡು ಸಣ್ಣಕ್ಷರದ ಪಟ್ಟಿಯನ್ನು ಓದಿ. ಬೆಟಾಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್, ಫ್ಲೂಸಿನೊಲೋನ್, ಬೆಕ್ಲೊಮೆಥಸೋನ್ ಇವುಗಳಲ್ಲಿ ಯಾವ ಹೆಸರಿದ್ದರೂ ಅದು ಸ್ಟೀರಾಯ್ಡ್. ಪಟ್ಟಿಯೇ ಇಲ್ಲದ ಡಬ್ಬಿಯಾದರೆ ಅದನ್ನೂ ಅದೇ ಸಾಲಿಗೆ ಸೇರಿಸಿ. ತಿಂಗಳುಗಟ್ಟಲೆ ಹಚ್ಚಿದ್ದರೆ ಮುಖ ಭುಗಿಲೇಳುವ ಸಂಭವವಿರುವುದರಿಂದ, ತಾವಾಗಿ ಏಕಾಏಕಿ ಬಿಟ್ಟು ಮತ್ತೆ ಹೆದರಿ ಹಚ್ಚುವ ಬದಲು, ಆ ಟ್ಯೂಬನ್ನೇ ಜೊತೆಗೆ ಹಿಡಿದು ವೈದ್ಯರಲ್ಲಿಗೆ ಹೋಗಿ. ಹೆಚ್ಚು ಕಾಲ ಹಚ್ಚಿದವರಿಗೆ ಪ್ರಮಾಣ ಇಳಿಸುತ್ತಾ ಬಿಡಿಸಬೇಕೇ, ಒಮ್ಮೆಗೇ ನಿಲ್ಲಿಸಿ ಬೇರೆ ಔಷಧದಿಂದ ತಣಿಸಬೇಕೇ ಎಂಬುದನ್ನು ಅವರು ಮುಖ ನೋಡಿ ನಿರ್ಧರಿಸುತ್ತಾರೆ. ತೆಳುವಾದ ಚರ್ಮ ಚೇತರಿಸಿಕೊಂಡ ಮೇಲಷ್ಟೇ ಅಡಾಪಲಿನ್ನಿನಂಥ ಔಷಧದ ಸರದಿ ಬರುತ್ತದೆ, ಅಲ್ಲಿಂದ ಹನ್ನೆರಡು ವಾರ. ಮುಖ ತಿಳಿಯಾದ ಮೇಲೂ ರಾತ್ರಿಯ ಆ ಜೆಲ್ಲನ್ನು ವೈದ್ಯರು ಹೇಳಿದಷ್ಟು ತಿಂಗಳು ಮುಂದುವರಿಸಬೇಕು, ಏಕೆಂದರೆ ಚರ್ಮದ ಕೆಳಗೆ ಮುಂದಿನ ಬಿರಡೆಗಳು ಆಗಲೂ ಕಟ್ಟಿಕೊಳ್ಳಲು ನೋಡುತ್ತಿರುತ್ತವೆ.